ಮೊಣಕೈ ಅದ್ದಿ ನೀರು ನೋಡುತ್ತಿದ್ದವಳು

ಭಾಗವ್ವ ಮೌಶಿಯ ಅಂಗೈಗೆ ಬಿಸಿ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷ ಬಾಣಂತಿಯರಿಗೆ ಬಿಸಿನೀರು ಎರೆದು ಎರೆದು ಅವಳ ಅಂಗೈ ಚರ್ಮ ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಗಿತ್ತು. ಹಂಡೆಯಿಂದ ಕುದಿನೀರು ಮೊಗೆಯುವಾಗ ಬೆರಳು ಮುಳುಗಿದರೂ ಅವಳು ಕೈ ಹಿಂದಕ್ಕೆ ಎಳೆಯುತ್ತಿರಲಿಲ್ಲ. ಅದಕ್ಕೆ ನೀರಿನ ಹದ ನೋಡಲು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಬಕೆಟ್ಟಿನಲ್ಲಿ ಮೊಣಕೈ ಅದ್ದುತ್ತಿದ್ದಳು. ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು. "ಹದ ಐತಿ" ಅಂದರೆ ಬಾಣಂತಿ ಕಲ್ಲಿನ ಮೇಲೆ ಕೂಡಬೇಕು. "ಇನ್ನೂ ಇಲ್ಲ" ಅಂದರೆ ಎಷ್ಟೇ ಚಳಿಯಿರಲಿ ಕಾಯಬೇಕು.

ಬಿಸಿ ತಿಳಿಯದ ಅದೇ ಕೈಗೆ ಉಳಿದದ್ದೆಲ್ಲ ತಿಳಿಯುತ್ತಿತ್ತು. ಕೂಸಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಅದು ಯಾಕೆ ಅಳುತ್ತಿದೆ ಎಂದು ಹೇಳುತ್ತಿದ್ದಳು. ಬಾಣಂತಿಯ ಬೆನ್ನಿಗೆ ಎಣ್ಣೆ ತಿಕ್ಕುವಾಗ ಯಾವ ನರ ಹಿಡಿದಿದೆ ಎಂದು ಬಾಣಂತಿ ಹೇಳುವ ಮೊದಲೇ ಮೌಶಿಯ ಬೆರಳು ಅಲ್ಲಿ ನಿಲ್ಲುತ್ತಿತ್ತು. ಅಕ್ಕಲಕೋಟೆಯ ನಮ್ಮ ಓಣಿಗೆಲ್ಲ ಅವಳು ಮೌಶಿ, ಅಂದರೆ ಚಿಕ್ಕಮ್ಮ; ಅಲ್ಲಿ ಡಾಕ್ಟರರ ಮಾತಿಗಿಂತ ಆ ಕೈಯ ಮಾತು ಹೆಚ್ಚು ನಡೆಯುತ್ತಿತ್ತು. ಈ ಸಂಗತಿಯನ್ನು ನಾನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೆ ಇದೇ ಕಾರಣವಾಯಿತು, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ.

ಅವಳ ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು, ಮದುವೆಯಾದ ಆರನೇ ವರ್ಷಕ್ಕೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಅವಳಿಗೆ ಸೇರುತ್ತಿರಲಿಲ್ಲ.

"ನನಗ ಮಕ್ಕಳಿಲ್ಲ ಅಂದವರ್ಯಾರು? ಈ ಊರಾಗ ಅರ್ಧಾ ಮಂದಿ ನನ್ನ ಕಾಲಮ್ಯಾಲ ಮಲಗಿ ಜಳಕಾ ಮಾಡ್ಯಾರ. ಈಗ ಪೊಲೀಸ ಫೌಜದಾರ ಆಗ್ಯಾನಲ್ಲ, ಮೀಸಿ ಬಿಟ್ಟಗೊಂಡು ಅಡ್ಡಾಡತಾನ, ಅವನ ಕುಂಡಿ ಸೈತ ನಾನಽ ತೊಳದೀನಿ. ಬೇಕಾದ್ರ ಕೇಳಿ ಬರ್ರಿ."

ಯಾರೂ ಕೇಳಿ ಬರಲಿಲ್ಲ.

ಊಟದ ವಿಷಯದಲ್ಲಿ ಅವಳದು ಹಟ. ಅವಳ ತಾಟು ನೋಡಿ ಯಾವ ತಿಂಗಳೆಂದು ಹೇಳಬಹುದಿತ್ತು. ಮಳೆ ಬಿದ್ದ ಮೇಲೆ ಹೊಲದ ಬದುವಿನ ರಾಜಗಿರಿ, ಹತ್ತರಕಿ ಸೊಪ್ಪು. ಚಳಿ ಶುರುವಾದರೆ ಸಜ್ಜೆ ರೊಟ್ಟಿ, ಬೆಣ್ಣೆ, ಎಳ್ಳಿನ ಚಟ್ನಿ ಹಿಂಡಿ, ಎಳೆ ಕಡಲೆಯ ಸೊಪ್ಪು, ಗಜ್ಜರಿ. ಬೇಸಿಗೆಯಲ್ಲಿ ಜೋಳದ ಅಂಬಲಿ, ಮಜ್ಜಿಗೆ, ಜಜ್ಜಿದ ಉಳ್ಳಾಗಡ್ಡಿ. ಒಂದು ಜೂನ್ ತಿಂಗಳಲ್ಲಿ ನಮ್ಮ ಓಣಿಗೆ ಕಾಯಿಪಲ್ಲೆ ಗಾಡಿಯವನು ಹೂಕೋಸು ತಂದಿದ್ದ. ಅವಳು ಅದನ್ನು ಎತ್ತಿ ಹಿಡಿದು, ತಿರುಗಿಸಿ ನೋಡಿ, "ಇದು ಯಾವ ಊರಾಗ ಹುಟ್ಟೇತಿ? ಇದರ ಅವ್ವ ಯಾರು, ಅಪ್ಪ ಯಾರು?" ಎಂದಳು.

"ಮೌಶಿ, ನೀ ಪಲ್ಲೆ ತಗೋಳಾಕಿ ಅಲ್ಲ, ತಪಾಸ ಮಾಡಾಕಿ" ಎಂದ ಅವನು.

"ಗಾಡಿಮ್ಯಾಲ ಬಂದೈತಿ ಅಂತ ತಿನ್ನೂದಲ್ಲೋ ಮಗಾ. ಹೊಲದಾಗ ಬಂದೈತೇನು ಕೇಳಿ ತಿನ್ನೂದು."

ಅವಳ ವರ್ಷದ ದೊಡ್ಡ ದಿನ ಭೋಗಿ, ಸಂಕ್ರಾಂತಿಯ ಹಿಂದಿನ ದಿನ. ಅಂದು ನಮ್ಮ ಕಡೆ ಎಳ್ಳು ಅರೆದು, ಅರಿಶಿನ ಕಲಸಿ, ಮೈಗೆಲ್ಲ ಹಚ್ಚಿಕೊಂಡು ಎರೆದುಕೊಳ್ಳುತ್ತಾರೆ. ಆಮೇಲೆ ಸಜ್ಜೆ ರೊಟ್ಟಿ; ಬದನೆ, ಅವರೆ, ಗಜ್ಜರಿ, ಹಸಿ ಕಡಲೆ ಎಲ್ಲ ಸೇರಿಸಿದ ಪಲ್ಯ. ಬೆಳಗಿನಿಂದ ಭಾಗವ್ವ ಮೌಶಿ ಮನೆಮನೆಗೆ ಹೋಗಿ ವಯಸ್ಸಾದ ಹೆಂಗಸರ ಬೆನ್ನಿಗೆ ಎಳ್ಳು ಹಚ್ಚುತ್ತಿದ್ದಳು. ನಮ್ಮ ಅವ್ವನ ಬೆನ್ನಿಗೆ ಇಪ್ಪತ್ತು ವರ್ಷ ಅವಳೇ ಹಚ್ಚಿದ್ದು. ಅವ್ವ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಅವಳು ಅವ್ವನಿಗೆ "ಅಕ್ಕಾರ" ಎನ್ನುತ್ತಿದ್ದಳು. ಬಚ್ಚಲಲ್ಲಿ ಇಬ್ಬರೂ ಸೇರಿದರೆ ನಗೆ ಹೊರಗೆ ಕೇಳುತ್ತಿತ್ತು.

ತೊಂಬತ್ತೆರಡರ ಜನವರಿಯಲ್ಲಿ ನನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿ ಸುಮಿತ್ರಾಗೆ, ಎರಡನೆಯ ಹೆರಿಗೆಯಾಯಿತು. ಅವಳಿಗೆ ತವರಲ್ಲಿ ತಾಯಿ ಇರಲಿಲ್ಲ. ಬಾಣಂತನ ನಮ್ಮಲ್ಲೇ ನಡೆಯಿತು. ಎರೆಯಲು ಭಾಗವ್ವ ಮೌಶಿ. ನಾನು ಆಗ ಸೊಲ್ಲಾಪುರದಲ್ಲಿ ಒಂದು ಟವೆಲ್ ಕಾರಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ವಾರವೆಲ್ಲ ಅಲ್ಲಿದ್ದು ಶನಿವಾರ ಸಂಜೆ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಬರುತ್ತಿದ್ದೆ. ಫೆಬ್ರುವರಿಯ ಮೊದಲ ಶನಿವಾರ ವೈನಿಗೆಂದು ಎರಡು ಕಿಲೋ ದ್ರಾಕ್ಷಿ ತಂದೆ. ಬಾಣಂತಿಗೆ ದ್ರಾಕ್ಷಿ ಥಂಡಿ ಎಂದು ನಮ್ಮ ಕಡೆ ಕೊಡುವುದಿಲ್ಲ. ನನಗೆ ಅದು ಗೊತ್ತಿತ್ತು. ವೈನಿಗೆ ಆಸೆಯಾಗಿತ್ತು, ಅದೂ ಗೊತ್ತಿತ್ತು. ತೊಟ್ಟಿಲ ಹಿಂದೆ ಕೂತು ಇಬ್ಬರೂ ತಿಂದೆವು.

ಮುಂದಿನ ಬುಧವಾರ ಎಣ್ಣೆ ಹಚ್ಚುವಾಗ ಭಾಗವ್ವ ಮೌಶಿಯ ಬೆರಳು ನಿಂತಿತು. ವೈನಿಯ ಎಡ ಎದೆಯ ಮೇಲ್ಭಾಗ, ಕಂಕುಳ ಕಡೆಗೆ, ಹುಣಸೆ ಬೀಜದಷ್ಟು ಗಂಟು. ಇದು ನಾನು ಕಂಡದ್ದಲ್ಲ, ಅವ್ವ ಹೇಳಿದ್ದು. ಮೌಶಿ ಏನೇನು ತಿಂದೆ ಎಂದು ಕೇಳಿದಳಂತೆ. ತೊಟ್ಟಿಲ ಹಿಂದೆ ಒಣಗಿದ ದ್ರಾಕ್ಷಿ ಗೊಂಚಲಿನ ಕಡ್ಡಿ ಸಿಕ್ಕಿತಂತೆ.

ಶನಿವಾರ ನಾನು ಬಂದಾಗ ನನಗೂ ಬೈಗುಳ ಕಾದಿತ್ತು. "ಬಾಳಂತಿ ಹೊಟ್ಟಿಗಿ ದ್ರಾಕ್ಷಿ! ಹಾಲು ಗಡ್ಡಿ ಕಟ್ಟದ ಏನ ಮಾಡತೈತಿ? ಇಂಗ್ಲಿಷ್ ಟೈಪ್ ಮಾಡತಾಳ ಅಂತ, ಇಷ್ಟ ತಿಳಿಯೂದಿಲ್ಲೇನು?" ಎಂದಳು ಭಾಗವ್ವ ಮೌಶಿ. ಆಮೇಲೆ ವೈನಿಯ ಕಡೆ ತಿರುಗಿ ಮೆತ್ತಗೆ, "ಹಾಲಗಂಟು, ಯವ್ವಾ. ನೂರಾ ಎಂಟ ಮಂದೀಗಿ ಇಳಿಸೀನಿ. ಅಂಜಬ್ಯಾಡ" ಎಂದಳು.

ದಿನಕ್ಕೆ ಎರಡು ಸಲ ಬಿಸಿನೀರಲ್ಲಿ ಟವೆಲ್ ಅದ್ದಿ, ಹಿಂಡಿ, ಶಾಖ ಕೊಡುತ್ತಿದ್ದಳು. ಆ ಟವೆಲ್‌ಗಳು ನಮ್ಮ ಕಾರಖಾನೆಯವು, ಅಂಚು ವಾರೆಯಾದವು. ನಾನೇ ತಂದು ಕೊಟ್ಟಿದ್ದೆ. ಶನಿವಾರ, ಭಾನುವಾರ ನೀರು ಕಾಯಿಸಿ ಕೊಡುವುದು ನನ್ನ ಕೆಲಸ. ದ್ರಾಕ್ಷಿ, ಮೊಸರು, ಸವತಿಕಾಯಿ ಎಲ್ಲ ಬಂದಾಯಿತು. ಸಬ್ಬಸಗಿ ಪಲ್ಯ, ಅಳವಿ ಕಾಳಿನ ಪಾಯಸ, ಬೆಳ್ಳುಳ್ಳಿ ಖಾರ, ಬಿಸಿ ರೊಟ್ಟಿ ಇಷ್ಟೇ.

ಮೌಶಿ ದಿನಾ ಕೇಳುತ್ತಿದ್ದಳು. "ನೋವೈತೇನು?"

"ಇಲ್ಲ ಮೌಶಿ. ಮೊದಲಿನಿಂದ್ಲೂ ಇಲ್ಲ."

"ನೋವಿಲ್ಲಂದ್ರ ಇಳ್ಯಾಕತ್ತೈತಿ ಅಂತ ತಿಳಕೋ."

ನಮ್ಮ ತಪ್ಪು ಇಲ್ಲಿತ್ತು. ಹಾಲು ಗಟ್ಟಿಯಾದರೆ ಎದೆ ಕೆಂಪಾಗುತ್ತದೆ, ಜ್ವರ ಬರುತ್ತದೆ, ಮುಟ್ಟಿದರೆ ಪ್ರಾಣ ಹೋಗುತ್ತದೆ. ಮನೆಯಲ್ಲಿ ಮಕ್ಕಳನ್ನು ಹೆತ್ತ ಎಲ್ಲರಿಗೂ ಅದು ಗೊತ್ತಿತ್ತು. ಈ ಗಂಟು ನೋಯಲಿಲ್ಲ. ನೋಯಲಿಲ್ಲವಲ್ಲ ಎಂದು ನಾವೆಲ್ಲ ಸಮಾಧಾನಪಟ್ಟೆವು.

ಮಾರ್ಚ್ ತಿಂಗಳ ಮಧ್ಯದಲ್ಲಿ ಆಫೀಸಿಗೆ ಬರುತ್ತಿದ್ದ ಮರಾಠಿ ಪತ್ರಿಕೆಯ ಪುರವಣಿಯಲ್ಲಿ ಒಬ್ಬ ಲೇಡಿ ಡಾಕ್ಟರ್ ಬರೆದ ಅರ್ಧ ಅಂಕಣದ ಲೇಖನ ಓದಿದೆ. ಎದೆಯಲ್ಲಿ ನೋವಿಲ್ಲದ ಗಂಟು ಇದ್ದರೆ, ಅದು ಎರಡು ವಾರದಲ್ಲಿ ಕರಗದಿದ್ದರೆ, ಹಾಲೂಡಿಸುವ ತಾಯಿಯಾದರೂ ಸರಿ, ತೋರಿಸಲೇಬೇಕು ಎಂದಿತ್ತು. ನಾನು ಅದನ್ನು ಬ್ಲೇಡಿನಿಂದ ಕತ್ತರಿಸಿ ಪರ್ಸಿನಲ್ಲಿಟ್ಟೆ. ಆ ಶನಿವಾರ ಮನೆಗೆ ಹೋದೆ. ಮೌಶಿ ಶಾಖ ಕೊಡುತ್ತಿದ್ದಳು. "ಇಳದೈತಿ ನೋಡು" ಎಂದಳು. ಆ ಕೈಯ ಮುಂದೆ ಆ ಕಾಗದ ತೆಗೆಯಲು ನನಗೆ ನಾಚಿಕೆಯಾಯಿತು. ಮದುವೆಯಾಗದ ಹುಡುಗಿ, ಅಣ್ಣನ ಎದುರಿಗೆ ಅಂಥ ಲೇಖನ ಓದುವುದು ಹೇಗೆ ಎಂದೂ ಅನ್ನಿಸಿತು. ಕಾಗದ ಪರ್ಸಿನಲ್ಲೇ ಉಳಿಯಿತು. ಮುಂದಿನ ಶನಿವಾರ ತೆಗೆದರಾಯಿತು ಎಂದುಕೊಂಡೆ. ಹಾಗೆ ಒಂಬತ್ತು ಶನಿವಾರ ಹೋದವು.

ಮೇ ಕೊನೆಗೆ ಆ ಜಾಗದ ತೊಗಲು ಒಳಗೆ ಎಳೆದಂತೆ ಕುಳಿಬಿದ್ದಿತು. ಅದನ್ನು ಮೊದಲು ಕಂಡವಳು ಭಾಗವ್ವ ಮೌಶಿಯೇ. ಅವತ್ತು ನಾನಿದ್ದೆ. ಅವಳು ಟವೆಲ್ ಕೆಳಗಿಟ್ಟಳು. "ಅಕ್ಕಾರ, ಇದು ನನ್ನ ಕೆಲಸ ಅಲ್ಲ. ಇವತ್ತಽ ಕರಕೊಂಡ ಹೋಗ್ರಿ" ಎಂದಳು. ಧ್ವನಿ ಏರಲಿಲ್ಲ.

ಸೊಲ್ಲಾಪುರದ ದವಾಖಾನೆಯಲ್ಲಿ ಅಲ್ಲಿನ ಲೇಡಿ ಡಾಕ್ಟರು, ಎಲ್ಲರೂ ಕರೆಯುವಂತೆ ಡಾಕ್ಟರ್ ಬಾಯಿ, ಮರಾಠಿಯಲ್ಲಿ ಎಷ್ಟು ದಿನವಾಯಿತು ಎಂದು ಕೇಳಿದರು. ಅಣ್ಣ ನಾಲ್ಕು ತಿಂಗಳು ಎಂದ. ಬರೆಯುತ್ತಿದ್ದ ಅವರ ಪೆನ್ನು ನಿಂತಿತು, ಆಮೇಲೆ ಮತ್ತೆ ಬರೆಯಿತು. ಹೊರಗೆ ಬರುವಾಗ ನಾನೊಬ್ಬಳೇ ಹಿಂದೆ ಉಳಿದು ದ್ರಾಕ್ಷಿಯ ಮಾತು ಕೇಳಿದೆ. ಅವರು ತಲೆ ಎತ್ತಿ ನೋಡಿ, ಯಾವ ಹಣ್ಣೂ ಈ ಗಂಟು ತರುವುದಿಲ್ಲ ಎಂದರು. ವೈನಿಗೆ ಹೇಳಿದೆ. ಅವಳು "ಹಂಗಾದ್ರ ನಂದೇನೂ ತಪ್ಪ ಇಲ್ಲಲ್ಲ?" ಎಂದು ಕೇಳಿದಳು. ಇಲ್ಲ ಎಂದೆ. ಆಪರೇಶನ್ ಆಯಿತು, ಔಷಧ ಆಯಿತು. ಮರುವರ್ಷ ದೀಪಾವಳಿಗೆ ಮೊದಲು ವೈನಿ ತೀರಿಕೊಂಡಳು. ಅವಳಿಗೆ ಮೂವತ್ತೆರಡು ವರ್ಷ.

ಮೂರನೇ ದಿನ ಭಾಗವ್ವ ಮೌಶಿ ಬಂದು ನಮ್ಮ ಕಟ್ಟೆಯ ಕೆಳಗೆ ನಿಂತಳು. ಅವ್ವ ಹೊಸ್ತಿಲಲ್ಲಿ ನಿಂತು, "ಒಳಗ ಬರಬ್ಯಾಡ" ಎಂದಳು. ಮೌಶಿ ತಲೆಯಾಡಿಸಿ ಹೋದಳು.

ಒಂದು ವರ್ಷ ಅವಳು ಯಾರಿಗೂ ಎರೆಯಲಿಲ್ಲ. ಬೀಡಿ ಕಟ್ಟಿ ಹೊಟ್ಟೆ ಹೊರೆದಳು. ಮತ್ತೆ ಕೆಲಸಕ್ಕೆ ಕರೆ ಬಂದಾಗ ಹೋದಳು. ಆದರೆ ಬೇರೆ ರೀತಿಯಲ್ಲಿ. ಅದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಪಕ್ಕದ ಮನೆಯ ಸೊಸೆ ಹೆತ್ತಿದ್ದಳು. ಎಳ್ಳುಂಡೆ ಕೊಡಲು ಹೋಗಿದ್ದೆ. ಮೌಶಿ ಬಚ್ಚಲಿಗೆ ಹೋಗುವ ಮೊದಲು ನಡುಮನೆಯಲ್ಲಿ ನಿಂತು, ಸೊಸೆ, ಅತ್ತೆ ಇಬ್ಬರಿಗೂ ಕೇಳುವಂತೆ ಹೇಳಿದಳು:

"ಮೊದಲ ನನ್ನ ಮಾತ ಕೇಳ್ರಿ. ನಾ ಒಬ್ಬಾಕಿನ ಕಳದೀನಿ. ಗಂಟ ಕೈಗಿ ಸಿಕ್ಕಿತ್ತು, ಹಾಲಗಂಟು ಅಂದೆ. ನಾಲ್ಕ ತಿಂಗಳ ಶಾಖ ಕೊಟ್ಟೆ. ಅದು ಹಾಲಗಂಟ ಇದ್ದಿದ್ದಿಲ್ಲ. ಇನ್ನ ಹಾಲಗಂಟಿಗಿ ನಾ ಮೂರ ದಿನಾ ನೋಡತೀನಿ, ನಾಕನೇ ದಿನಾ ನೀವು ದವಾಖಾನಿಗಿ ಹೋಗಬೇಕು. ನೋವಿಲ್ಲದ ಗಂಟಿಗಿ ಒಂದ ದಿನಾನೂ ನೋಡೂದಿಲ್ಲ. ಪಲ್ಯಾ, ರೊಟ್ಟಿ, ಎಳ್ಳು ನಾ ಹೇಳಿದಂಗ ಉಣ್ರಿ, ಮೈಗಿ ಚಲೋ. ಗಂಟ ಕರಗಸೂದು ಪಲ್ಯಾದ ಕೆಲಸ ಅಲ್ಲ. ಇಷ್ಟ ಕೇಳಿದ ಮ್ಯಾಲೂ ನನ್ನ ಕೈಲೆ ಎರಸಗೊಳ್ಳೂದಿದ್ರ ಎರಸಗೋರಿ."

ಅತ್ತೆ ಬಾಯಿ ತೆರೆದು ಕೂತಿದ್ದಳು. "ಇದೇನ ಶುಭದ ಮನ್ಯಾಗ ಇಂಥಾ ಮಾತು, ಭಾಗವ್ವ!"

"ಶುಭದ ಮನ್ಯಾಗಽ ಹೇಳಬೇಕು, ಬಾಯಾರ. ಆಮ್ಯಾಲೆ ಹೇಳಿ ಏನ ಮಾಡೂದೈತಿ?"

ಅವತ್ತು ಆ ಮನೆಯವರು ಅವಳನ್ನು ಇಟ್ಟುಕೊಂಡರು. ಬಹಳ ಮನೆಗಳಲ್ಲಿ ವಾಪಸ್ಸು ಕಳಿಸಿದರು. ಅವಳು ಮುಂದಿನ ಮನೆಯಲ್ಲಿ ಒಂದು ಶಬ್ದವನ್ನೂ ಬಿಡದೆ ಅದನ್ನೇ ಹೇಳಿದಳು. ಭೋಗಿಯ ದಿನ ಹೆಂಗಸರ ಬೆನ್ನಿಗೆ ಎಳ್ಳು ಹಚ್ಚಿ, "ಮುಂದಿನ ಕಡೆ ನೀವಽ ಹಚಗೋರಿ, ನಿಧಾನ ಹಚಗೋರಿ, ಕಂಕುಳತನಕ ಕೈ ಹೋಗಲಿ. ಹೋದ ತಿಂಗಳ ಇಲ್ಲದ್ದು ಈಗ ಏನರ ಐತೇನು ನೋಡಕೋರಿ" ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಸಾಲದು ಎಂದೂ ಅವಳೇ ಹೇಳುತ್ತಿದ್ದಳು; ತಿಂಗಳಿಗೊಮ್ಮೆ ತಲೆಗೆ ನೀರು ಹಾಕಿಕೊಂಡ ದಿನ ನೋಡಿಕೊಳ್ಳಬೇಕು.

ಅವಳು ಎಂದೂ ವೈನಿಯ ಹೆಸರು ಹೇಳಲಿಲ್ಲ. ಆದರೂ ಊರಿಗೆಲ್ಲ ಗೊತ್ತಿತ್ತು. ಅವ್ವನ ಸಿಟ್ಟು ಎರಡರಷ್ಟಾಯಿತು. "ನಮ್ಮ ಸೊಸಿ ಎದಿ ಸುದ್ದಿ ಓಣಿ ಓಣಿ ಸಾರಾಕತ್ಯಾಳ. ಸತ್ತಾಕಿನ್ನ ಸುಮ್ಮನ ಬಿಡಬಾರದ?" ಎನ್ನುತ್ತಿದ್ದಳು. ಅವ್ವ ಹಾಗೆ ಬೈಯುವಾಗ ನಾನು ಸುಮ್ಮನಿರುತ್ತಿದ್ದೆ. ಪರ್ಸಿನ ಒಳಗಿನ ಖಾನೆಯಲ್ಲಿ ಆ ಕಾಗದ ಮಡಿಕೆಯಲ್ಲಿ ಹರಿಯತೊಡಗಿತ್ತು. ಭಾಗವ್ವ ಮೌಶಿ ನಾಲ್ಕು ತಿಂಗಳ ತಪ್ಪನ್ನು ಮನೆಮನೆಗೆ ಹೇಳುತ್ತಿದ್ದಳು. ಅದರಲ್ಲಿ ಎರಡೂವರೆ ತಿಂಗಳು ನನ್ನದು ಎಂದು ಹೇಳುವವರು ಯಾರೂ ಇರಲಿಲ್ಲ, ನಾನೊಬ್ಬಳನ್ನು ಬಿಟ್ಟು.

ತೊಂಬತ್ತಾರರ ಭೋಗಿಗೆ ಊರಿಗೆ ಬಂದೆ. ಅವ್ವ ಎಲ್ಲರಿಗೂ ಎಳ್ಳು ಅರೆದಿಟ್ಟು, ತಾನು ಹಚ್ಚಿಕೊಳ್ಳಲಿಲ್ಲ. ಚಳಿ ಎಂದಳು. ನಾನು ಹುಟ್ಟಿದಾಗಿನಿಂದ ಅವ್ವ ಭೋಗಿಯ ಎಳ್ಳು ಬಿಟ್ಟದ್ದು ನೋಡಿರಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದೆ. ಮೂರು ಸಲ ಕೇಳಿದ ಮೇಲೆ ಅವ್ವ ಗೋಡೆ ನೋಡುತ್ತ, "ದಸರಾದಾಗಿಂದ ಐತಿ. ನೋವೇನಿಲ್ಲ" ಎಂದಳು.

ಈಗಲೇ ಸೊಲ್ಲಾಪುರಕ್ಕೆ ಹೋಗೋಣ ಎಂದೆ. ಅವ್ವ ಅಲ್ಲಾಡಲಿಲ್ಲ. ಗೋಡೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಭಾಗವ್ವನ ಕರಕೊಂಡ ಬಾ. ಹಿತ್ತಲ ಬಾಗಲಿಂದ."

ಮೌಶಿ ಬಂದಳು. ಎರಡು ವರ್ಷದ ಮೇಲೆ ನಮ್ಮ ಮನೆಗೆ. ಕೈಗೆ ಯಾರದೋ ಮನೆಯ ಎಳ್ಳು ಮೆತ್ತಿತ್ತು. ಹಿತ್ತಲಲ್ಲಿ ಕಾಲು ತೊಳೆದು ಬಚ್ಚಲಿಗೆ ಬಂದಳು. ಅವ್ವ ಎರೆಯುವ ಕಲ್ಲಿನ ಮೇಲೆ ಕೂತು ಕುಪ್ಪಸದ ಗುಂಡಿ ಬಿಚ್ಚಿದಳು. ಮೌಶಿ ನೋಡಿದಳು. ಕೈ ಎತ್ತಲಿಲ್ಲ.

"ಮುಟ್ಟು" ಎಂದಳು ಅವ್ವ.

"ಮುಟ್ಟೂದಿಲ್ಲ, ಅಕ್ಕಾರ."

"ಯಾಕ? ಸಿಟ್ಟ ಐತೇನು?"

"ಸಿಟ್ಟ ಯಾತರದು? ನನ್ನ ಕೈ ಒಮ್ಮೆ ಸುಳ್ಳ ಹೇಳೇತಿ. ನಾ ಮುಟ್ಟಿ ಏನಿಲ್ಲ ಅಂದ್ರ ನೀವು ಮನ್ಯಾಗ ಕೂಡತೀರಿ. ಐತಿ ಅಂದ್ರ ಅಂಜಿ ಮನ್ಯಾಗ ಕೂಡತೀರಿ. ಬಸ್ಸಿಗಿ ನಡೀರಿ."

"ಭೋಗಿ ದಿನಾ ಯಾರರ ದವಾಖಾನಿಗಿ ಹೋಗತಾರೇನು? ನಾಡದ ಹೋದ್ರಾತು. ನೀ ಒಮ್ಮೆ ಮುಟ್ಟಿ ಹೇಳು, ನಾ ನಾಡದ ಹೋಗತೀನಿ. ಆಣಿ ಮಾಡಲೇನು?"

"ಡಾಕ್ಟರ್ ಮುಟ್ಟಲಿ ಮೊದಲ. ಅವರ ಪಾಳಿ ಮುಗೀಲಿ. ಆಮ್ಯಾಲೆ ನಾ ಮುಟ್ಟತೀನಿ. ಇದು ನನ್ನ ಆಣಿ."

ಅವ್ವ ಅವಳ ಮುಖ ನೋಡುತ್ತ ಕೂತಳು. ಅವ್ವನಿಗೆ ಬೇಕಾಗಿದ್ದದ್ದು ಆ ಕೈ. ಸೊಸೆಯನ್ನು ಕಳೆದ ಕೈ ಎಂದು ಎರಡು ವರ್ಷ ಶಪಿಸಿದ ಮೇಲೂ, ಏನಿಲ್ಲ ಎಂದು ಅದೇ ಕೈ ಹೇಳಬೇಕಾಗಿತ್ತು. ಮೌಶಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಒಂದು ಕೈ ಇನ್ನೊಂದರ ಮಣಿಕಟ್ಟು ಹಿಡಿದು ತಡೆದಿದ್ದದ್ದು ಅವ್ವನಿಗೆ ಕಾಣುತ್ತಿರಲಿಲ್ಲ. ಹಿಂದೆ ನಿಂತ ನನಗೆ ಕಾಣುತ್ತಿತ್ತು.

ಅವ್ವ ಗುಂಡಿ ಹಾಕಿಕೊಂಡಳು. "ರೊಟ್ಟಿ ಕಟ್ಟು" ಎಂದಳು ನನಗೆ.

ಹನ್ನೊಂದರ ಎಸ್.ಟಿ.ಯಲ್ಲಿ ಮೂವರೂ ಹೊರಟೆವು. ಹಬ್ಬದ ಗದ್ದಲದಲ್ಲಿ ಸೀಟು ಒಂದೇ ಸಿಕ್ಕಿತು; ಅವ್ವ ಕೂತಳು. ಮೌಶಿ ಕಂಬ ಹಿಡಿದು ನಿಂತು, ಅರಿವೆಯ ಗಂಟಿನಿಂದ ಸಜ್ಜೆ ರೊಟ್ಟಿ ಮುರಿದು ಅವ್ವನ ಕೈಗೆ ಕೊಟ್ಟಳು. "ಉಣ್ರಿ. ಹಬ್ಬ ಬಿಡಬ್ಯಾಡ್ರಿ." ಹೋಟಗಿ ದಾಟುವವರೆಗೆ ಅವ್ವ ಆ ತುಂಡನ್ನು ಅಗಿಯುತ್ತಲೇ ಇದ್ದಳು.

ಡಾಕ್ಟರ್ ಬಾಯಿ ಅವರೇ ಇದ್ದರು. ಗಂಟು ಇನ್ನೂ ಸಣ್ಣದಿದೆ, ಕಂಕುಳಿಗೆ ಹೋಗಿಲ್ಲ, ಬೇಗ ಬಂದಿರಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೌಶಿಗೆ ನಾನು ಕನ್ನಡದಲ್ಲಿ ಹೇಳಿದೆ. ಅವಳು "ಬೇಗ ಅಂದ್ರು?" ಎಂದು ಕೇಳಿದಳು. ಹೌದು ಎಂದೆ. "ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ. ಅವತ್ತು ಡಾಕ್ಟರ್ ಬಾಯಿ ನನಗೂ ಕಲಿಸಿದರು: ಬೆರಳ ತುದಿಯಿಂದ ಚಿವುಟಿ ನೋಡಬಾರದು, ಮೂರು ಬೆರಳು ಚಪ್ಪಟೆ ಇಟ್ಟು, ಸಣ್ಣ ಸಣ್ಣ ಸುತ್ತು ಹಾಕುತ್ತ, ಕಂಕುಳವರೆಗೆ ನೋಡಬೇಕು. ನಮ್ಮ ಮನೆಯಲ್ಲಿ ಇಬ್ಬರಿಗೆ ಆಗಿದ್ದರಿಂದಲ್ಲ, ಎಲ್ಲ ಹೆಂಗಸರೂ ನೋಡಿಕೊಳ್ಳಬೇಕು ಎಂದರು.

ಒಂದು ಎದೆ ತೆಗೆದ ಆಪರೇಶನ್ ಆಗಿ ಹೊಲಿಗೆ ಮಾಗಿದ ಮೇಲೆ, ಡಾಕ್ಟರರು ನೀರು ಹಾಕಿಕೊಳ್ಳಬಹುದು ಎಂದ ದಿನ, ಮೌಶಿ ಮುಂಬಾಗಿಲಿನಿಂದ ಬಂದಳು. ಮೊಣಕೈ ಅದ್ದಿ ನೀರು ನೋಡಿದಳು. ಅವ್ವ ಸೀರೆ ಸರಿಸುವ ಮೊದಲು, "ಒಂದ ಕಡೆ ಏನೂ ಇಲ್ಲ ಭಾಗವ್ವ, ಅಂಜಬ್ಯಾಡ" ಎಂದಳು.

"ಅಂಜೂದೇನ್ರಿ? ನನ್ನ ಕೆಲಸ ಅರ್ಧಾ ಕಡಿಮಿ ಆತು."

ನಾನು ಹೊರಗೆ ಒಲೆಯ ಹತ್ತಿರ ಇದ್ದೆ. ಬಚ್ಚಲಿನಿಂದ ಅವ್ವನ ನಗೆ ಕೇಳಿತು.

ತೊಂಬತ್ತೊಂಬತ್ತರ ಹೊತ್ತಿಗೆ ಮೌಶಿ ಕೆಲಸ ಬಿಟ್ಟು ಹೋಟಗಿಯಲ್ಲಿ ರೈಲು ಹಳಿಯ ಪಕ್ಕದ ತಮ್ಮನ ಮಗನ ಮನೆ ಸೇರಿದ್ದಳು. ಬೆರಳ ಗಂಟುಗಳು ಬಾತು ಕೈ ಮಡಚಲು ಬರುತ್ತಿರಲಿಲ್ಲ. ಫೆಬ್ರುವರಿಯಲ್ಲಿ ನೋಡಲು ಹೋದೆ. ದಾರಿಯಲ್ಲಿ ಎಲ್ಲೆಲ್ಲೂ ದ್ರಾಕ್ಷಿ ಬುಟ್ಟಿಗಳಿದ್ದವು. ಒಂದು ಕಿಲೋ ಕೊಂಡೆ. ಮರೆತು ಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ತಮ್ಮನ ಮಗ ಡ್ಯೂಟಿಗೆ, ಸೊಸೆ ಕೂಲಿಗೆ ಹೋಗಿದ್ದರು. ಮೌಶಿ ಬಿಸಿಲಲ್ಲಿ ಕೂತಿದ್ದಳು. "ಅಕ್ಕಾರ ಹೆಂಗದಾರ? ಭೋಗಿಗಿ ಎಳ್ಳ ಹಚಗೊಂಡ್ರೇನು?" ಎಂದಳು. ಆರಾಮಿದ್ದಾರೆ, ಹಚ್ಚಿಕೊಂಡರು, ತಪಾಸಣೆಗೂ ಹೋಗಿ ಬಂದರು ಎಂದೆ. ಚೀಲ ಮುಂದಿಟ್ಟೆ. ಅವಳು ಬಾಯಿ ಬಿಚ್ಚಿ ನೋಡಿ ಹಿಂದಕ್ಕೆ ಸರಿಸಿದಳು.

"ಒಯ್ಯಿ. ನಾ ತಿನ್ನೂದಿಲ್ಲ ಇದನ್ನ. ಆವಾಗಿಂದ."

ನಾನು ಹೇಳಿದೆ. ದ್ರಾಕ್ಷಿಯಿಂದ ಅಲ್ಲ, ಯಾವ ಹಣ್ಣಿನಿಂದಲೂ ಅಲ್ಲ ಎಂದು ಡಾಕ್ಟರ್ ಬಾಯಿ ಅವತ್ತೇ ಹೇಳಿದ್ದರು ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಪರ್ಸು ತೆಗೆದು ಕಾಗದ ಬಿಚ್ಚಿದೆ. ಅದು ನಾಲ್ಕು ತುಂಡಾಗಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಓದಿ, ಕನ್ನಡದಲ್ಲಿ ಹೇಳಿದೆ. ಯಾವ ತಿಂಗಳಲ್ಲಿ ಕತ್ತರಿಸಿದ್ದು, ಎಷ್ಟು ಶನಿವಾರ ಮನೆಗೆ ತಂದು ತೆಗೆಯದೆ ಒಯ್ದದ್ದು, ಎಲ್ಲ ಹೇಳಿದೆ.

ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಹೋಯಿತು. ಅದು ಪೂರ್ತಿ ದಾಟುವವರೆಗೆ ಅವಳು ಕಾಗದದ ತುಂಡುಗಳನ್ನೇ ನೋಡುತ್ತಿದ್ದಳು.

"ನಾ ನಾಲ್ಕ ತಿಂಗಳ ತಡದೆ" ಎಂದಳು. "ನೀ ಏಳ ವರ್ಷ ತಡದಿ."

"ಹೌದು ಮೌಶಿ."

"ನಾ ಒಬ್ಬಾಕಿನಽ ಹೊತ್ತೆನಲ್ಲ ತಂಗಿ, ಇಷ್ಟ ದಿನಾ. ಮನಿ ಮನಿಗಿ ಹೋಗಿ ಹೇಳೂಮುಂದ ನೀ ಒಂದ ಮನಿಗೆರ ಬಂದು ಬಾಜೂಕ ನಿಂತಿದ್ರ ಆಗತಿತ್ತು."

ಅವಳು ಬೈಯಲಿಲ್ಲ, ಅಳಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಗೋಡೆ ಹಿಡಿದು ಎದ್ದಳು.

"ಹಂಡ್ಯಾಗ ನೀರ ಐತಿ. ಒಲಿ ಹಚ್ಚು. ನನಗ ಎರಿ ಇವತ್ತು."

ಅವಳಿಗೆ ಯಾರಾದರೂ ಎರೆದದ್ದು ನಾನು ಕಂಡಿರಲಿಲ್ಲ. ನೀರು ಕಾಯಿಸಿ ಬಕೆಟ್ಟಿಗೆ ಸುರಿದೆ. ಕೈ ಮುಂದೆ ಚಾಚಿದವಳು ತಡೆದು, ಕುಪ್ಪಸದ ತೋಳು ಮೇಲೆ ಸರಿಸಿ, ಮೊಣಕೈ ಅದ್ದಿದೆ. ಅವಳು ಕಲ್ಲಿನ ಮೇಲೆ ಕೂತು ನನ್ನನ್ನು ನೋಡುತ್ತಿದ್ದಳು. ಇನ್ನೊಂದು ತಂಬಿಗೆ ತಣ್ಣೀರು ಬೆರೆಸಿದೆ. ಮತ್ತೆ ಅದ್ದಿದೆ.

ಬೆನ್ನು ತಿಕ್ಕಿದ ಮೇಲೆ ಅವಳು ಹೇಳಿದಳು: "ಮುಂದಿನ ಕಡೆ ನೋಡು. ನನ್ನ ಬೆರಳಿಗಿ ಈಗ ಏನೂ ತಿಳಿಯೂದಿಲ್ಲ. ಎರಡ ವರ್ಷ ಆತು ನೋಡಕೊಂಡಿಲ್ಲ."

ಮೂರು ಬೆರಳು ಚಪ್ಪಟೆ ಇಟ್ಟು ನೋಡಿದೆ. ಎಡ, ಬಲ, ಎರಡೂ ಕಂಕುಳು. ಅವಸರ ಮಾಡಲಿಲ್ಲ. ಏನೂ ಸಿಗಲಿಲ್ಲ.

"ಏನಿಲ್ಲ ಮೌಶಿ."

"ಖರೇ?"

"ಖರೇ. ಆದ್ರ ನನ್ನ ಕೈ ಮಾತ ಕೇಳಬ್ಯಾಡ್ರಿ. ಸೋಮವಾರ ಬರತೀನಿ, ಸೊಲ್ಲಾಪುರಕ್ಕ ಹೋಗೋಣು. ಡಾಕ್ಟರ್ ನೋಡಲಿ."

ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಆಮೇಲೆ, ಬಚ್ಚಲಲ್ಲಿ ಅವ್ವನ ಜೊತೆ ನಗುತ್ತಿದ್ದಂತೆ ನಕ್ಕಳು. "ಕಲತಿ ಬಿಡು" ಎಂದಳು. "ತಡಾ ಆತು, ಆದ್ರ ಕಲತಿ."

ಸೋಮವಾರ ಹೋದೆ, ಕರೆದುಕೊಂಡು ಹೋಗಿ ಬಂದೆ. ಏನೂ ಇರಲಿಲ್ಲ. ಆ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಅವಳು ತೀರಿಕೊಂಡಳು. ಸುದ್ದಿ ನನಗೆ ಮುಟ್ಟಿದ್ದು ಆಮೇಲೆ. ಮರುವರ್ಷ ಭೋಗಿಯ ಬೆಳಿಗ್ಗೆ ಅವ್ವ ಎಳ್ಳು ಅರೆದಳು. ನಾನು ಅವ್ವನ ಬೆನ್ನಿಗೆ ಹಚ್ಚಿದೆ. ಆಮೇಲೆ ಕೈ ತೊಳೆಯದೆ ಪಕ್ಕದ ಮನೆಗೆ ಹೋದೆ. ಆ ಮನೆಯ ಸೊಸೆ, ಅವಳ ಅತ್ತೆ ಇಬ್ಬರೂ ಬಚ್ಚಲ ಹತ್ತಿರ ಇದ್ದರು. ನಡುಮನೆಯಲ್ಲಿ ನಿಂತು, ಇಬ್ಬರಿಗೂ ಕೇಳುವಂತೆ ಹೇಳಿದೆ: "ಮೊದಲ ನನ್ನ ಮಾತ ಕೇಳ್ರಿ. ನನ್ನ ಕಡೆ ಒಂದು ಕಾಗದ ಇತ್ತು."